ಗೆರೆ ಮಾಸಿದರೆ ಟ್ಯೂಬ್ ಸತ್ತಿತೆಂದಲ್ಲ

ರಾಮನಗರದ ನನ್ನ ಬೆಂಚಿಗೆ ಚನ್ನಪಟ್ಟಣ, ಮಾಗಡಿ, ಕನಕಪುರದ ಲ್ಯಾಬ್‌ಗಳಿಂದ ಬರುವ ಹಳೆಯ ಆಸಿಲೋಸ್ಕೋಪ್‌ಗಳ ನೆತ್ತಿಯ ಮೇಲೆ ಒಂದು ಚೀಟಿ ಇದ್ದೇ ಇರುತ್ತದೆ: 'ಟ್ಯೂಬ್ ಹೋಗಿದೆ'. ತಂದವರು "ಗುಜರಿಗೆ ಹಾಕ್ಬಿಡೋಣ್ವಾ ಅಣ್ಣಾ?" ಅಂತಲೂ ಕೇಳುತ್ತಾರೆ. ನಾನು ಮೊದಲು ಆ ಚೀಟಿ ಕೀಳುತ್ತೇನೆ. ಕತ್ತಲಾದ ಸ್ಕೋಪುಗಳಲ್ಲಿ ಟ್ಯೂಬಿನದೇ ತಪ್ಪು ಇರುವುದು ಕಡಿಮೆ.

ವಿದ್ಯುತ್ತಿನ ಏರಿಳಿತವನ್ನು ಹಸಿರು ಗೆರೆಯಾಗಿ ತೋರಿಸುವ ಯಂತ್ರ ಇದು. ಅದರ ಗಾಜಿನ ಟ್ಯೂಬನ್ನು ಜರ್ಮನಿಯ ಬ್ರೌನ್ 1897ರಲ್ಲಿ ರೂಪಿಸಿದ. ಕತ್ತಿನೊಳಗೆ ಸಾಮಾನ್ಯವಾಗಿ 6.3 ವೋಲ್ಟಿನ ಹೀಟರ್. ಅದು ಕಾಯಿಸುವ ಕ್ಯಾಥೋಡಿಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡಿನ ಲೇಪ. ಅಲ್ಲಿಂದ ಹೊರಟ ಎಲೆಕ್ಟ್ರಾನ್‌ಗಳು ಪರದೆಯ ಫಾಸ್ಫರ್ ಲೇಪಕ್ಕೆ ಬಡಿದರೆ ಬೆಳಕು. ಹಳೇ ಟಿವಿಯಲ್ಲಿ ಕತ್ತಿನ ಹೊರಗಿನ ಕಾಯಿಲ್ ಈ ಕಿರಣವನ್ನು ತಿರುಗಿಸುತ್ತದೆ, ಸ್ಕೋಪಿನಲ್ಲಿ ಒಳಗಿನ ಲೋಹದ ಪ್ಲೇಟುಗಳು. ಹಾಗಾಗಿ ಟಿವಿ ಟ್ಯೂಬ್ ತಂದು ಇಲ್ಲಿ ಕೂರಿಸುವುದು ಆಗದ ಮಾತು.

ಕವಚ ಬಿಚ್ಚಿ, ಅಂಗಡಿಯ ದೀಪ ಆರಿಸಿ, ಕತ್ತಿನ ಹಿಂಭಾಗ ನೋಡುತ್ತೇನೆ. ಕಿತ್ತಳೆ ಮಿನುಗಿದ್ದರೆ ಹೀಟರ್ ಜೀವಂತ. ಗಾಜಿನ ಒಳಗೋಡೆಯಲ್ಲಿ ಕನ್ನಡಿಯಂಥ ಕಲೆ ಇರುತ್ತದೆ, ಗೆಟರ್ ಅನ್ನುತ್ತೇವೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ; ಕೈಚೆಲ್ಲಬೇಕಷ್ಟೆ.

ಇವೆರಡೂ ಸರಿಯಿದ್ದರೆ ನನ್ನ ಕಣ್ಣು ಹೈವೋಲ್ಟೇಜ್ ಬೋರ್ಡಿನ ಮೇಲೆ. ಸಾಮಾನ್ಯ ಸ್ಕೋಪಿನಲ್ಲಿ ಕ್ಯಾಥೋಡ್ ಚಾಸಿಗಿಂತ ಸಾವಿರದೈನೂರು, ಎರಡು ಸಾವಿರ ವೋಲ್ಟ್ ಕೆಳಗಿರುತ್ತದೆ, ಹೀಟರಿನ ತಂತಿಯೂ ಅದರ ಜೊತೆಗೇ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಕಚ್ಚುತ್ತದೆ. ಹುಡುಗರು ಮಾಮೂಲಿ ಮೀಟರ್ ಹಿಡಿದು ಇಲ್ಲಿಗೆ ಕೈ ಹಾಕಬಾರದು. ಫೋಕಸ್ ಸರಣಿಯಲ್ಲಿ ಮೆಗಾ ಓಮ್ ಲೆಕ್ಕದ ಕಾರ್ಬನ್ ರೆಸಿಸ್ಟರುಗಳಿರುತ್ತವೆ. ಮೈಮೇಲಿನ ಬಣ್ಣದ ಪಟ್ಟಿ 4.7 ಮೆಗಾ ಅನ್ನುತ್ತದೆ. ವಿದ್ಯುತ್ ಇಳಿಸಿ, ಒಂದು ಕಾಲು ಬಿಡಿಸಿ ಅಳೆದರೆ ಮೀಟರು ಏಳೆಂಟು ತೋರಿಸುತ್ತದೆ. ಸುಟ್ಟ ಗುರುತಿಲ್ಲ, ವಾಸನೆ ಇಲ್ಲ. ಹೈವೋಲ್ಟೇಜ್ ತಾಳುವ ಹೊಸದೊಂದನ್ನು ಹಾಕಿ ಫೋಕಸ್ ತಿರುಗಿಸಿದರೆ, ಹತ್ತಿಯಂತೆ ಹರಡಿದ್ದ ಗೆರೆ ಚೂಪಾಗುತ್ತದೆ.

ನಿಜವಾಗಿ ದಣಿದ ಟ್ಯೂಬಿನ ಲಕ್ಷಣವೇ ಬೇರೆ: ವೋಲ್ಟೇಜುಗಳೆಲ್ಲ ಸರಿಯಿದ್ದರೂ ಗೆರೆ ಮಂಕು, ಅರ್ಧ ಗಂಟೆ ಕಾದ ಮೇಲೆ ಒಂಚೂರು ಚೇತರಿಕೆ. ಟಿವಿ ಕಾಲದಲ್ಲಿ ಇದಕ್ಕೆ ಬೂಸ್ಟರ್ ಹಾಕುತ್ತಿದ್ದೆವು. ಇಲ್ಲೂ ಅದೇ ಉಪಾಯ: ಹೀಟರನ್ನು ಏಳು, ಏಳೂವರೆ ವೋಲ್ಟಿಗೆ ಏರಿಸಿ ಸ್ವಲ್ಪ ಹೊತ್ತು ಕಾಯಿಸುವುದು. ಅದಕ್ಕೂ ಬಗ್ಗದಿದ್ದರೆ ಕ್ಯಾಥೋಡಿನ ಎದುರಿನ ಗ್ರಿಡ್ಡಿಗೆ ಬಲ್ಬಿನ ಮೂಲಕ ಕ್ಷಣಕಾಲ ಪಾಸಿಟಿವ್ ಕೊಟ್ಟು ಕ್ಯಾಥೋಡಿನ ಮೇಲಿನ ಪೊರೆ ಕಳಚುವುದು. ನಮ್ಮೂರ ರೇಷ್ಮೆ ರೀಲರ್‌ಗಳಿಗೆ ಗೊತ್ತು, ಗೂಡು ಅತಿಯಾಗಿ ಬೆಂದರೆ ನೂಲು ಹಾಳು. ಲೇಪವೂ ಹಾಗೆಯೇ, ಉದುರಿತೆಂದರೆ ಮತ್ತೆ ಬಾರದು. ಉಳಿದರೂ ತಿಂಗಳುಗಟ್ಟಲೆ ಬರಬಹುದು, ವಾರಕ್ಕೇ ಮುಗಿಯಬಹುದು. ಆದ್ದರಿಂದ ಯಜಮಾನರನ್ನು ಕೇಳದೆ ಇದಕ್ಕೆ ಕೈ ಹಾಕುವುದಿಲ್ಲ. ಬದಲಿ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಅದೇ ನಂಬರಿನ ಟ್ಯೂಬ್ ಇರುವ ಕೆಟ್ಟ ಸ್ಕೋಪ್ ಹುಡುಕಬೇಕು.

ಪರದೆಯ ನಡುವೆ ಕಂದು ಚುಕ್ಕೆ ಬಿದ್ದಿದ್ದರೆ ಮಾತ್ರ ಔಷಧಿಯಿಲ್ಲ. ಬೆಳಕಿನ ಚುಕ್ಕೆಯನ್ನು ಒಂದೇ ಕಡೆ ನಿಲ್ಲಿಸಿ, ಇಂಟೆನ್ಸಿಟಿ ಪೂರ್ತಿ ಏರಿಸಿ ಯಾರೋ ಊಟಕ್ಕೆ ಹೋಗಿರುತ್ತಾರೆ. ಸ್ಕೋಪ್ ವಾಪಸ್ ಕೊಡುವಾಗ ಇಂಟೆನ್ಸಿಟಿ ನಾಬಿನ ಪಕ್ಕ ನಾನೇ ಒಂದು ಚೀಟಿ ಅಂಟಿಸುತ್ತೇನೆ: 'ಬಿಟ್ಟು ಏಳುವಾಗ ಇಳಿಸಿ'.