ಗವರ್ನರ್‌ಪೇಟೆಯಲ್ಲಿ ‘ಅಪ್ಪು’ ಎಂದರೆ ಸಾಲ

ವಿಜಯವಾಡದ ಗವರ್ನರ್‌ಪೇಟೆಗೆ ಬಂದ ಕನ್ನಡಿಗನಿಗೆ ಓದುವ ಕಷ್ಟ ಹೆಚ್ಚಿಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಏಲೂರು ರಸ್ತೆಯ ಅಂಗಡಿ ಫಲಕಗಳನ್ನು ಒಂದು ವಾರದಲ್ಲಿ ಸರಾಗವಾಗಿ ಓದಬಹುದು. ತೊಡಕಿರುವುದು ಅರ್ಥದಲ್ಲಿ. ನಮಗೆ ‘ಅಪ್ಪು’ ಎಂದರೆ ಪುನೀತ್ ರಾಜ್‌ಕುಮಾರ್. ಇಲ್ಲಿನ ವ್ಯಾಪಾರಿಗೆ ‘ಅಪ್ಪು’ ಎಂದರೆ ಸಾಲ. ಮೂರು ವರ್ಷದಿಂದ ಈ ಪೇಟೆಯಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಮತ್ತು ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಿರುವ ನನಗೆ ಮೊದಲು ಬಾಯಿಪಾಠವಾದ ತೆಲುಗು ಪದ ಇದೇ.

ನನ್ನ ಊರು ಬಾಗಲಕೋಟೆ. ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಸಿಂಗಪುರಕ್ಕೆ ಹೋದೆ. ಹಣ ಪಾವತಿಯ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ನನ್ನನ್ನು ‘ಎಕ್ಸ್‌ಪ್ಯಾಟ್’ ಎನ್ನುತ್ತಿದ್ದರು. ಇಲ್ಲಿ ‘ಬಯಟಿವಾಳ್ಳು’, ಅಂದರೆ ಹೊರಗಿನವರು, ಎನ್ನುತ್ತಾರೆ. ಎರಡೂ ಪದದ ಅರ್ಥ ಒಂದೇ ಆದರೂ ಎರಡೂ ಊರುಗಳಲ್ಲಿ ಹೊರಗಿನವನ ಬಾಳು ಬೇರೆ ಬೇರೆ.

ಸಿಂಗಪುರದಲ್ಲಿ ಹೊರಗಿನವನ ಬೆಲೆ ಎಷ್ಟೆಂದು ಸರ್ಕಾರವೇ ಕಾಗದದ ಮೇಲೆ ಹೇಳಿಬಿಡುತ್ತದೆ. ವೃತ್ತಿಪರರು ಅಲ್ಲಿ ಕೆಲಸ ಮಾಡಲು ಎಂಪ್ಲಾಯ್‌ಮೆಂಟ್ ಪಾಸ್ ಬೇಕು. 2025ರ ಜನವರಿಯಿಂದ ಹೊಸ ಅರ್ಜಿಗೆ ತಿಂಗಳಿಗೆ ಕನಿಷ್ಠ 5,600 ಸಿಂಗಪುರ ಡಾಲರ್ ಸಂಬಳವಿರಬೇಕು. ಹಣಕಾಸು ಕ್ಷೇತ್ರಕ್ಕಾದರೆ 6,200. ವಯಸ್ಸು ಏರಿದಂತೆ ಈ ಮಿತಿಯೂ ಏರುತ್ತದೆ. ಇದರ ಮೇಲೆ 2023ರ ಸೆಪ್ಟೆಂಬರ್‌ನಿಂದ ‘ಕಂಪಾಸ್’ ಎಂಬ ಅಂಕಪದ್ಧತಿ ಬಂದಿದೆ. ಸಂಬಳ, ವಿದ್ಯಾರ್ಹತೆ, ಕಂಪನಿಯಲ್ಲಿ ಯಾವ ದೇಶದವರು ಎಷ್ಟಿದ್ದಾರೆ, ಸ್ಥಳೀಯರು ಎಷ್ಟಿದ್ದಾರೆ ಎಂದೆಲ್ಲ ನೋಡಿ ಅಂಕ ಕೊಡುತ್ತಾರೆ. ಸಾಮಾನ್ಯವಾಗಿ 40 ಅಂಕ ಬೇಕು. ಸ್ವಂತ ಕಂಪನಿ ತೆರೆಯುವುದಕ್ಕೂ ನಿಯಮ ಸ್ಪಷ್ಟ: ಅಲ್ಲಿಯೇ ವಾಸವಿರುವ ನಿರ್ದೇಶಕರೊಬ್ಬರು ಇರಲೇಬೇಕು, ಲಾಭದ ಮೇಲೆ ತೆರಿಗೆ ಶೇ 17. ಗಿರಾಕಿ ದುಡ್ಡು ಕೊಡದಿದ್ದರೆ, 20,000 ಡಾಲರ್‌ವರೆಗಿನ ಜಗಳಕ್ಕೆ ವಕೀಲರಿಲ್ಲದೆ ನಡೆಯುವ ಸಣ್ಣ ವ್ಯಾಜ್ಯಗಳ ನ್ಯಾಯಮಂಡಳಿ ಇದೆ. ಯಾರ ಪರಿಚಯವೂ ಬೇಕಿಲ್ಲ.

ಆದರೆ ಆ ಪಾಸ್ ಕೆಲಸಕ್ಕೆ ಕಟ್ಟಿದ ಹಗ್ಗ. ಕೆಲಸ ಹೋದರೆ ಪಾಸ್ ರದ್ದು. ಸಾಮಾನು ಕಟ್ಟಲು ಸಾಮಾನ್ಯವಾಗಿ 30 ದಿನ. ನಮ್ಮ ತಂಡವನ್ನು ಮುಚ್ಚಿದಾಗ ನಮಗೆ ಸಿಕ್ಕಿದ್ದೂ ಅಷ್ಟೇ. ಬಾಡಿಗೆ ಕರಾರು, ಮಗಳ ಶಿಶುವಿಹಾರ, ನಾಲ್ಕು ವರ್ಷದ ಗೆಳೆತನ, ಎಲ್ಲವನ್ನೂ ಒಂದು ತಿಂಗಳಲ್ಲಿ ಮಡಚಿದೆವು. ಮಗಳ ಆರೈಕೆಗೆಂದು ರಜೆಯ ಮೇಲಿದ್ದ ನನ್ನ ಹೆಂಡತಿ ಬ್ಯಾಂಕ್ ಉದ್ಯೋಗಿ. ಮತ್ತೆ ಕೆಲಸಕ್ಕೆ ಹಾಜರಾದಾಗ ಅವಳಿಗೆ ಸಿಕ್ಕಿದ್ದು ವಿಜಯವಾಡ ಶಾಖೆ. ಹೀಗೆ ನಾವು ಕೃಷ್ಣಾ ನದಿಯ ಈ ದಡಕ್ಕೆ ಬಂದೆವು.

ಇಲ್ಲಿ ಪಾಸ್ ಇಲ್ಲ, ಅಂಕವಿಲ್ಲ. ದೇಶದ ಯಾವುದೇ ಭಾಗದಲ್ಲಿ ನೆಲೆಸುವ, ಕಸುಬು ಮಾಡುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಬೇಕಾಗಿದ್ದು ಇಷ್ಟು: ಬಾಡಿಗೆ ಕರಾರು, ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ, ಬ್ಯಾಂಕ್ ಖಾತೆ ಮತ್ತು ಆಂಧ್ರದ ಜಿಎಸ್‌ಟಿ ನೋಂದಣಿ. ಜಿಎಸ್‌ಟಿ ಸಂಖ್ಯೆ ಪ್ರತಿ ರಾಜ್ಯಕ್ಕೂ ಬೇರೆ. ಕರ್ನಾಟಕದ್ದು 29ರಿಂದ ಶುರುವಾದರೆ ಆಂಧ್ರದ್ದು 37ರಿಂದ. ಬೆಂಗಳೂರಿನ ಸಂಖ್ಯೆ ಇದೆಯಲ್ಲ ಎಂದು ಇಲ್ಲಿ ಕಚೇರಿ ತೆರೆದು ಅದೇ ಸಂಖ್ಯೆಯಲ್ಲಿ ಬಿಲ್ ಹಾಕುವಂತಿಲ್ಲ. ಈ ಕಾಗದಗಳೆಲ್ಲ ಎರಡು ವಾರದಲ್ಲಿ ಮುಗಿದವು.

ಮುಗಿಯದೇ ಉಳಿದದ್ದು ಒಂದು ಪ್ರಶ್ನೆ. ಯಾವ ಅಂಗಡಿಗೆ ಹೋದರೂ ಮೊದಲು ನೀರು ಕೊಟ್ಟು ಕೂರಿಸುತ್ತಾರೆ. ನನ್ನ ಸಾಫ್ಟ್‌ವೇರನ್ನು ಸಮಾಧಾನದಿಂದ ನೋಡುತ್ತಾರೆ. ಕೊನೆಗೆ ಕೇಳುತ್ತಾರೆ: “ಇಕ್ಕಡ ಮೀಕು ಎವರು ತೆಲುಸಂಡಿ?” ಇಲ್ಲಿ ನಿಮಗೆ ಯಾರು ಗೊತ್ತು? ನನಗೆ ಯಾರೂ ಗೊತ್ತಿರಲಿಲ್ಲ. ಮೊದಲ ಆರು ತಿಂಗಳಲ್ಲಿ ಸಿಕ್ಕಿದ್ದು ಎರಡೇ ಗಿರಾಕಿ, ಅದೂ ನಮ್ಮ ಕಟ್ಟಡದಲ್ಲೇ ಇದ್ದ ಆಡಿಟರ್ ಒಬ್ಬರು ಹೇಳಿದ್ದರಿಂದ.

ಆ ಪ್ರಶ್ನೆ ಅವಮಾನಿಸಲು ಕೇಳಿದ್ದಲ್ಲ ಎಂಬುದು ಅವರ ಲೆಕ್ಕದ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವಾಗ ತಿಳಿಯಿತು. ಸೂರತ್‌ನಿಂದ ಬಟ್ಟೆ ಸಾಲದ ಮೇಲೆ ಬರುತ್ತದೆ. ಇಲ್ಲಿಂದ ಗುಡಿವಾಡ, ಮಚಲೀಪಟ್ಟಣ, ಏಲೂರಿನ ಚಿಕ್ಕ ಅಂಗಡಿಗಳಿಗೆ ಸಾಲದ ಮೇಲೇ ಹೋಗುತ್ತದೆ. ಮದುವೆ ಹಂಗಾಮು ಮುಗಿದ ಮೇಲೆ ಹಣ ಹಿಂತಿರುಗಿ ಬರುತ್ತದೆ. ಆಷಾಢದಲ್ಲಿ ಮದುವೆಯಿಲ್ಲ, ಹಾಗಾಗಿ ರಿಯಾಯಿತಿ ಮಾರಾಟ. ಸಂಕ್ರಾಂತಿಯ ಮೂರು ದಿನ ಲೆಕ್ಕ ಕೇಳಲು ಯಾರೂ ಸಿಗುವುದಿಲ್ಲ. ಈ ಸರಪಳಿಯಲ್ಲಿ ಒಬ್ಬ ರಾತ್ರೋರಾತ್ರಿ ಊರು ಬಿಟ್ಟರೆ ಹತ್ತು ಜನ ಮುಳುಗುತ್ತಾರೆ. ಬೇರಿಲ್ಲದ ಹೊರಗಿನವನ ಕೈಗೆ ಲೆಕ್ಕ ಕೊಡುವ ಮುನ್ನ ಅವರು ಕೇಳುವುದು ನ್ಯಾಯವೇ.

ನನ್ನ ಬಿಲ್ಲೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು. “ರೇಪು ರಂಡಿ” ಎನ್ನುತ್ತಾರೆ, ನಾಳೆ ಬನ್ನಿ. ನಮ್ಮ ಕಡೆ ಒಂದು ಕಾಲದಲ್ಲಿ ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹಾಗೆ.

ಕಾನೂನು ನನ್ನಂಥವರ ಕಡೆಗೇ ಇದೆ. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆಗೆ, ಬರಹದ ಕರಾರು ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂತು: ಗಡುವು ಮೀರಿದ ಬಾಕಿಯನ್ನು, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು.

ಈ ಕಾನೂನನ್ನು ಬಳಸಬೇಕೋ ಬೇಡವೋ ಎಂಬ ಸಂದರ್ಭ 2024ರಲ್ಲಿ ಬಂತು. ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ಸಿಂಗ್ ನಗರ ಮುಳುಗಿತು. ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ ದಾಟಿದಳು. ಆಗ ನನಗೆ ಇಬ್ಬರಿಂದ ದೊಡ್ಡ ಮೊತ್ತ ಬರಬೇಕಿತ್ತು. ಒಬ್ಬರ ಗೋದಾಮು ಸಿಂಗ್ ನಗರದ ಬಳಿ. ದಸರೆಗೆ ತರಿಸಿದ್ದ ಬಟ್ಟೆಯೆಲ್ಲ ಕೆಸರು. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಅಂಗಡಿ ಬಿಟ್ಟುಕೊಟ್ಟು ನವನಗರಕ್ಕೆ ಬಂದವರು ನನ್ನ ಅಪ್ಪ. ಫೋನಿನಲ್ಲಿ ವಿಷಯ ಕೇಳಿ, “ಈಗ ರೊಕ್ಕದ ಮಾತು ಎತ್ತಬ್ಯಾಡ. ಅವರ ಲೆಕ್ಕದ ಪುಸ್ತಕ ಉಳದಾವೇನು ನೋಡು” ಅಂದರು. ಪುಸ್ತಕ ನೆನೆದಿದ್ದವು, ನಮ್ಮ ಬ್ಯಾಕಪ್ ಉಳಿದಿತ್ತು. ವಿಮೆಗೆ ಬೇಕಾದ ದಾಸ್ತಾನು ಪಟ್ಟಿಯನ್ನು ತೆಗೆದುಕೊಟ್ಟೆವು. ಅವರು ಹದಿನಾಲ್ಕು ತಿಂಗಳಲ್ಲಿ, ಕಂತಿನಲ್ಲಿ, ಪೂರ್ತಿ ತೀರಿಸಿದರು.

ಇನ್ನೊಬ್ಬರ ಅಂಗಡಿಗೆ ನೀರೇ ಬಂದಿರಲಿಲ್ಲ. ಪ್ರವಾಹದ ನೆಪ ಹೇಳಿ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಅವರ ಮೇಲೆ ‘ಸಮಾಧಾನ್’ ಪೋರ್ಟಲ್‌ನಲ್ಲಿ ದೂರು ಕೊಟ್ಟೆ. 90 ದಿನದಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆಯಲ್ಲಿದೆ, ಇನ್ನೂ ಆಗಿಲ್ಲ. ಸಮಾಧಾನಂ ಎಂದರೆ ತೆಲುಗಿನಲ್ಲಿ ಉತ್ತರ. ಸದ್ಯಕ್ಕೆ ತೆಲುಗಿನದೂ ಇಲ್ಲ, ಕನ್ನಡದ್ದೂ ಇಲ್ಲ.

ನಾನು ಸಿಂಗಪುರದಲ್ಲಿದ್ದೆ ಎಂದರೆ ಇಲ್ಲಿಯ ಹಿರಿಯರು ನಗುತ್ತಾರೆ. ಪಕ್ಕದ ಅಮರಾವತಿಯ ನಕ್ಷೆ ತಯಾರಿಸಿದ್ದು ಸಿಂಗಪುರದವರೇ. 2015ರ ಅಕ್ಟೋಬರ್ 22ರಂದು ಶಂಕುಸ್ಥಾಪನೆ, 2019ರಲ್ಲಿ ಸರ್ಕಾರ ಬದಲಾಗಿ ಸಿಂಗಪುರ ಕಂಪನಿಗಳ ಜೊತೆಗಿನ ಯೋಜನೆ ರದ್ದು, 2025ರ ಮೇನಲ್ಲಿ ಮತ್ತೆ ಕಾಮಗಾರಿಗೆ ಚಾಲನೆ. ಈ ಏರಿಳಿತದಲ್ಲಿ ಕೈಸುಟ್ಟುಕೊಂಡವರನ್ನೂ ಕಂಡಿರುವ ಪೇಟೆ, ಹೊಸಬನ ನಕ್ಷೆಗಿಂತ ಅವನು ನಾಳೆಯೂ ಇರುತ್ತಾನೆಯೇ ಎಂಬುದನ್ನೇ ನೋಡುತ್ತದೆ.

ಹಾಗಾಗಿ ಹೊರರಾಜ್ಯದಲ್ಲಿ ಕಸುಬು ಶುರುಮಾಡುವ ಗೆಳೆಯರಿಗೆ ನಾನು ಹೇಳುವುದು ಇಷ್ಟು. ಬಂಡವಾಳದ ಜೊತೆಗೆ ಒಂದು ವರ್ಷದ ಮನೆಖರ್ಚನ್ನು ಬೇರೆಯೇ ತೆಗೆದಿಡಿ. ಉದ್ಯಮ್ ನೋಂದಣಿ, ಬರಹದ ಕರಾರು ಮೊದಲ ದಿನವೇ ಇರಲಿ. ಸ್ನೇಹ ಬೆಳೆದ ಮೇಲೆ ಅದನ್ನು ಕೇಳುವುದು ಕಷ್ಟ. ಸ್ಥಳೀಯ ಆಡಿಟರ್ ಒಬ್ಬರನ್ನು ಹಿಡಿಯಿರಿ. ಭಾಷೆ ಕಲಿಯಿರಿ.

ಕಳೆದ ತಿಂಗಳು ಹಾಸನ ಕಡೆಯ ಹುಡುಗನೊಬ್ಬ ನಮ್ಮ ಬೀದಿಯಲ್ಲಿ ಅಯ್ಯಂಗಾರ್ ಬೇಕರಿ ತೆರೆಯಲು ಮಳಿಗೆ ನೋಡಿದ. ಮಾಲೀಕರು ಅವನಿಗೂ ಅದೇ ಪ್ರಶ್ನೆ ಕೇಳಿದರಂತೆ. ಅವನು ನನ್ನ ಹೆಸರು ಹೇಳಿದ. ಕರಾರಿಗೆ ಸಾಕ್ಷಿ ಹಾಕಲು ಕರೆದಿದ್ದರು, ಹೋಗಿ ಸಹಿ ಹಾಕಿ ಬಂದೆ.