ರಾಟೆ ತಿರುಗದಿದ್ದರೆ ಎಷ್ಟು ನಷ್ಟ? ಪುಟ್ಟ ಹಾಯಿದೋಣಿಯ ಬಿಗಿಹಿಡಿದ ಬಿಡಿಭಾಗಗಳ ಲೆಕ್ಕ

ಹಾಯಿಯ ಹಗ್ಗದ ಮೇಲೆ 45 ಕೆಜಿ ಎಳೆತ ಬಿದ್ದಿದೆ ಎಂದಿಟ್ಟುಕೊಳ್ಳಿ. ಲೇಸರ್ ದೋಣಿಯಲ್ಲಿ ಆ ಹಗ್ಗ ನಾಲ್ಕು ರಾಟೆ ಹಾದು ಕೈಗೆ ಬರುತ್ತದೆ, ಭಾರ ಹೊರುವ ಎಳೆಗಳು ಮೂರು. ರಾಟೆಗಳಲ್ಲಿ ತಡೆಯೇ ಇಲ್ಲದಿದ್ದರೆ ಕೈಗೆ ಬೀಳಬೇಕಾದ್ದು 15 ಕೆಜಿ. ಒಳ್ಳೆಯ ಬಾಲ್ ಬೇರಿಂಗ್ ರಾಟೆ ಒಂದೊಂದೂ ಶೇ 2ರಷ್ಟನ್ನು ತಿನ್ನುತ್ತದೆ. ಆಗ ಕೈಗೆ 15.8 ಕೆಜಿ. ಒಂದೊಂದೂ ಶೇ 10 ತಿಂದರೆ 19.7. ಉಪ್ಪು, ಮರಳು ಕೂತು ಶೇ 20ಕ್ಕೆ ಏರಿದರೆ 26.1 ಕೆಜಿ. ಬೂಮಿನ, ಅಂದರೆ ಹಾಯಿಯ ಬುಡದ ಅಡ್ಡಕೋಲಿನ, ಮೇಲಿನ ಸನ್ನೆಯ ಅಂತರವನ್ನು ಬದಿಗಿಟ್ಟು ಮಾಡಿದ ಸರಳ ಲೆಕ್ಕ ಇದು. ಆದರೂ ದಿಕ್ಕು ಸರಿಯಾಗಿದೆ: ಅದೇ ಗಾಳಿ, ಅದೇ ಹಾಯಿ, ತೋಳಿಗೆ ಮುಕ್ಕಾಲು ಪಾಲು ಹೆಚ್ಚು ಕೆಲಸ.

ಎಳೆಯುವಾಗಿನ ಈ ಕಷ್ಟ ಎಲ್ಲರಿಗೂ ಗೊತ್ತಾಗುತ್ತದೆ. ನನ್ನ ಪ್ರಕಾರ ನಿಜವಾದ ನಷ್ಟ ಇರುವುದು ಹಗ್ಗ ಬಿಡುವಾಗ. ತಡೆ ಆಗ ಉಲ್ಟಾ ಕೆಲಸ ಮಾಡುತ್ತದೆ. ಹಾಯಿ ಹಗ್ಗವನ್ನು ಹೊರಗೆಳೆಯಬೇಕು, ರಾಟೆಗಳು ಅದನ್ನು ಹಿಡಿದಿಡುತ್ತವೆ. ಅದೇ 45 ಕೆಜಿಗೆ ಶುದ್ಧ ರಾಟೆಯಾದರೆ ಹಗ್ಗದ ತುದಿಯಲ್ಲಿ 14.2 ಕೆಜಿ ಎಳೆತ ಉಳಿಯುತ್ತದೆ. ಶೇ 20 ತಿನ್ನುವ ರಾಟೆಯಾದರೆ ಬರೀ 8. ಮಂದ ಗಾಳಿಯಲ್ಲಿ ಭಾರ 6 ಕೆಜಿ ಎಂದು ಹಿಡಿದರೆ ತುದಿಗೆ ಬರುವುದು ಒಂದು ಕೆಜಿಯಷ್ಟೆ. ನೆನೆದ ಹಗ್ಗದ ತೂಕವನ್ನೂ ಅದೇ ಎತ್ತಬೇಕು. ಕೈ ಬಿಟ್ಟರೂ ಹಾಯಿ ಹೊರಹೋಗದೆ ನಿಲ್ಲುವುದು ಇದರಿಂದಲೇ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 10 ನಾಟ್‌ನಿಂದ 20ಕ್ಕೆ ಗಾಳಿ ಏಕಾಏಕಿ ಏರಿದಾಗ ಹಗ್ಗ ಸರ್ರನೆ ಬಿಡಲಾಗದ ದೋಣಿ ಮಗುಚುತ್ತದೆ.

ಗಾಲಿ ಪೂರ್ತಿ ನಿಂತೇ ಹೋದರೆ ಹಗ್ಗ ಅದರ ಮೇಲೆ ಉಜ್ಜಿಕೊಂಡು ಜಾರಬೇಕು. ಘರ್ಷಣೆಯ ಗುಣಾಂಕ 0.15 ಎಂದು ಹಿಡಿದರೆ ಅರ್ಧ ಸುತ್ತಿಗೆ ಶೇ 38 ನಷ್ಟ. ಬಾವಿಯ ರಾಟೆಯಾದರೂ ಕಿರುಗುಟ್ಟಿ ಎಣ್ಣೆ ಕೇಳುತ್ತದೆ. ದೋಣಿಯ ಪ್ಲಾಸ್ಟಿಕ್ ರಾಟೆ ಸದ್ದಿಲ್ಲದೆ ನಿಂತುಬಿಡುತ್ತದೆ.

ಲೇಸರನ್ನೇ ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣ ಅದರ ಬಳಕೆ. ಬ್ರೂಸ್ ಕರ್ಬಿ ವಿನ್ಯಾಸದ ಈ ದೋಣಿ 1971ರಲ್ಲಿ ಮಾರುಕಟ್ಟೆಗೆ ಬಂತು, 1996ರಲ್ಲಿ ಒಲಿಂಪಿಕ್ಸ್‌ಗೆ ಸೇರಿತು, ಈಗ ಐಎಲ್‌ಸಿಎ ಹೆಸರಿನಲ್ಲಿದೆ. ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಉದ್ದ 4.2 ಮೀಟರ್, ಒಡಲ ತೂಕ 59 ಕೆಜಿ, ದೊಡ್ಡ ಹಾಯಿ 7.06 ಚದರ ಮೀಟರ್. ಹೊಸದಕ್ಕೆ ಏಳೆಂಟು ಸಾವಿರ ಡಾಲರ್ ಆಸುಪಾಸು. ಹಾಗಾಗಿ ಹಳೆಯದನ್ನೇ ದುರಸ್ತಿ ಮಾಡಿಕೊಂಡು ಓಡಿಸುವವರು ಜಗತ್ತಿನಾದ್ಯಂತ ಹೆಚ್ಚು.

ಮೊದಲ ಶತ್ರು ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ರಾಟೆಯೊಳಗೆ 2 ಮಿಲಿಲೀಟರ್ ನಿಂತು ಒಣಗಿದರೆ 70 ಮಿಲಿಗ್ರಾಂ ಹರಳು ಉಳಿಯುತ್ತದೆ. ಒಂದು ಲೀಟರ್ ಸಿಹಿನೀರು 350 ಗ್ರಾಂಗೂ ಹೆಚ್ಚು ಉಪ್ಪನ್ನು ಕರಗಿಸಬಲ್ಲದು. ಆ ಲೆಕ್ಕದಲ್ಲಿ ಈ 70 ಮಿಲಿಗ್ರಾಂಗೆ ನಾಲ್ಕೈದು ಹನಿ ಸಾಕು. ಹಾಗಾದರೆ ಪೈಪು ಹಿಡಿದು ತೊಳೆದ ದೋಣಿಯಲ್ಲೂ ರಾಟೆ ಹಿಡಿದುಕೊಳ್ಳುವುದೇಕೆ? ನೀರು ಮೇಲಿನಿಂದ ಹಾರಿಹೋಗುತ್ತದೆ, ಸಂದಿಗೆ ಇಳಿಯುವುದಿಲ್ಲ. ಕೊರತೆ ನೀರಿನದಲ್ಲ, ಹೊತ್ತಿನದು. ರಾಟೆ ಬಿಚ್ಚಿ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ, ನಡುನಡುವೆ ಗಾಲಿ ತಿರುಗಿಸಿ. ಹತ್ತು ಲೀಟರಿನಲ್ಲಿ ಇಡೀ ದೋಣಿಯ ರಾಟೆಗಳು ಮುಗಿಯುತ್ತವೆ, ಖರ್ಚು ಸೊನ್ನೆ.

ಕೃಷ್ಣರಾಜಸಾಗರದ ಹಿನ್ನೀರು, ಬೆಂಗಳೂರಿನ ಹಲಸೂರು ಕೆರೆಯಂಥ ಸಿಹಿನೀರಿನಲ್ಲಿ ಹಾಯಿ ಬಿಚ್ಚುವವರಿಗೆ ಉಪ್ಪಿನ ಕಾಟವಿಲ್ಲ. ಕೆಸರು, ಪಾಚಿ, ಮರಳು ಇದ್ದೇ ಇವೆ. ಮದ್ದು ಅದೇ ಬಕೆಟ್.

ತೊಳೆದರೂ ತಿರುಗದಿದ್ದರೆ ಗಾಲಿ ಯಾವುದರದ್ದು ಎಂದು ನೋಡಬೇಕು. ಹಳೆಯ ನೈಲಾನ್ ಗಾಲಿ ನೀರು ಕುಡಿಯುತ್ತದೆ: ನೈಲಾನ್ 6 ಪೂರ್ತಿ ನೆನೆದಾಗ ತನ್ನ ತೂಕದ ಶೇ 9ರಿಂದ 10ರಷ್ಟು ನೀರು ಹೀರಿ ಅಳತೆಯಲ್ಲಿ ಶೇ 2.5ರಷ್ಟು ಉಬ್ಬುತ್ತದೆ. 10 ಮಿಮೀ ದಪ್ಪದ ಗಾಲಿಗೆ ಇದು ಕಾಲು ಮಿಲಿಮೀಟರ್. ಇಕ್ಕೆಲದ ಕೆನ್ನೆಗಳ ನಡುವೆ ಇರುವ ಸಂದೇ ಹೆಚ್ಚುಕಡಿಮೆ ಅಷ್ಟು. ಅಸಿಟಾಲ್ ಗಾಲಿ ಹೀರುವುದು ಶೇ 1ಕ್ಕಿಂತ ಕಡಿಮೆ. ದಡದಲ್ಲಿ ಸರಾಗವಾಗಿ ತಿರುಗಿ, ನೀರಿಗಿಳಿದ ಮೇಲೆ ಬಿಗಿಯಾಗುವ ರಾಟೆಗೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಗಾಲಿಯನ್ನೇ ಬದಲಿಸಬೇಕು. 40 ಮಿಮೀ ಬಾಲ್ ಬೇರಿಂಗ್ ರಾಟೆಗೆ 30ರಿಂದ 40 ಡಾಲರ್, ಅಂದಾಜು 2,600ರಿಂದ 3,500 ರೂಪಾಯಿ. ಸಾಗಣೆ, ಸುಂಕ ಬೇರೆ.

ರಾಟೆಗೆ ಗ್ರೀಸಂತೂ ಬೇಡ. ಅದು ಮರಳನ್ನು ಹಿಡಿದಿಟ್ಟು ಅರೆಯುವ ಹಿಟ್ಟಾಗುತ್ತದೆ. ಒಣಗಿ ನಿಲ್ಲುವ ಸಿಲಿಕೋನ್ ಅಥವಾ ಪಿಟಿಎಫ್‌ಇ ಸ್ಪ್ರೇ ಡಬ್ಬಿಗೆ 300ರಿಂದ 600 ರೂಪಾಯಿ, ಇಡೀ ಋತುವಿಗೆ ಬರುತ್ತದೆ.

ಜೇಬಿಗೆ ನಿಜವಾಗಿ ಕತ್ತರಿ ಬೀಳುವುದು ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಸೇರುವ ಕಡೆ. ಉಪ್ಪುನೀರಿನಲ್ಲಿ ಇವೆರಡರ ನಡುವೆ ಸುಮಾರು 0.7 ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ, ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಸವೆದ ಲೋಹ ಹೈಡ್ರಾಕ್ಸೈಡಿನ ಬಿಳಿ ಪುಡಿಯಾಗುತ್ತದೆ. ಅದಕ್ಕೆ ಮೂಲ ಲೋಹಕ್ಕಿಂತ ಸುಮಾರು 3 ಪಟ್ಟು ಜಾಗ ಬೇಕು, ಸಂದಿಯಲ್ಲಿ ಅಷ್ಟು ಜಾಗವಿಲ್ಲ. ಸ್ಕ್ರೂ ಅಲುಗದಿರುವುದಕ್ಕೆ ಇದೇ ಕಾರಣ. ಕಾಯಿಸಿದರೆ ಬಿಡುತ್ತದೆ ಎನ್ನುತ್ತಾರೆ. ಬಿಡುವುದೂ ಉಂಟು. ಆದರೆ 5 ಮಿಮೀ ಸ್ಕ್ರೂವನ್ನೂ ಸುತ್ತಲಿನ ಅಲ್ಯೂಮಿನಿಯಮನ್ನೂ 100 ಡಿಗ್ರಿ ಹೆಚ್ಚು ಕಾಯಿಸಿದರೂ ಸಿಗುವ ಸಂದು ಮಿಲಿಮೀಟರಿನ ಸಾವಿರದಲ್ಲಿ ಮೂರೂವರೆ ಪಾಲು. ಸಂದಿಗಿಂತ, ಕಾದು ತಣಿಯುವಾಗ ಬಿಳಿ ಪುಡಿ ಬಿರುಕು ಬಿಡುವುದೇ ಕೆಲಸಕ್ಕೆ ಬರುವುದು. ಆದ್ದರಿಂದ ಒಮ್ಮೆ ಜೋರಾಗಿ ಕಾಯಿಸುವುದಕ್ಕಿಂತ ಕಾಯಿಸಿ, ತಣಿಸಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ರಾತ್ರಿಯಿಡೀ ಇಟ್ಟು ಮತ್ತೆ ಕಾಯಿಸುವುದು ಲೇಸು.

ಕಂಬದ ಮಾತು ಬೇರೆ. ಲೇಸರಿನ ಕಂಬ ಎರಡು ತುಂಡು, ಮೇಲಿನದು ಕೆಳಗಿನದರೊಳಗೆ ಕೂರುತ್ತದೆ. ಮರಳು ಹೊಕ್ಕು ಎರಡೂ ಕಚ್ಚಿಕೊಂಡರೆ ಬಿಸಿನೀರು ನಿಜಕ್ಕೂ ನೆರವಾಗುತ್ತದೆ. ಸುಮಾರು 64 ಮಿಮೀ ವ್ಯಾಸದ ಹೊರ ಕೊಳವೆಯನ್ನು ಮಾತ್ರ 50 ಡಿಗ್ರಿ ಹೆಚ್ಚು ಕಾಯಿಸಿದರೆ ವ್ಯಾಸ 0.07 ಮಿಮೀ ಹಿಗ್ಗುತ್ತದೆ, ಸ್ಕ್ರೂವಿಗೆ ಸಿಕ್ಕಿದ್ದರ ಇಪ್ಪತ್ತು ಪಟ್ಟು. ಕೂಡುವ ಜಾಗಕ್ಕೆ ಬಟ್ಟೆ ಸುತ್ತಿ ಎರಡು ಲೀಟರ್ ಕುದಿನೀರು ನಿಧಾನವಾಗಿ ಸುರಿಯಿರಿ. ಒಳ ತುಂಡು ಕಾಯುವ ಮೊದಲೇ ಇಬ್ಬರು ಎದುರು ಬದುರು ನಿಂತು ತಿರುಚುತ್ತ ಎಳೆಯಿರಿ. ಸುತ್ತಿಗೆ ತರಬೇಡಿ: ಕೊಳವೆಯ ಗೋಡೆ ತೆಳು, ತಗ್ಗು ಬಿದ್ದರೆ ಹೊಸ ತುಂಡಿಗೆ ಹಲವು ನೂರು ಡಾಲರ್. ಮುಂದಿನ ಸಲ ಕಚ್ಚದಂತೆ ಪ್ರತಿದಿನ ಕಂಬ ಇಳಿಸಿ ಬಿಚ್ಚಿಡುವುದು ಪುಕ್ಕಟೆ ಉಪಾಯ. ಒಡಲಿನಲ್ಲಿ ಕಂಬ ಕೂರುವ ಗುಳಿಯ ಮರಳನ್ನೂ ಆಗಲೇ ತೊಳೆಯಿರಿ. ಅಲ್ಲಿ ಕಂಬ ತಿರುಗಿದಷ್ಟೂ ಮರಳು ಫೈಬರ್‌ಗ್ಲಾಸನ್ನು ಕೊರೆಯುತ್ತದೆ. ಗುಳಿಗೆ ನೀರು ತುಂಬಿ ನೋಡಿ, ಮಟ್ಟ ಇಳಿದರೆ ನೀರು ಒಡಲೊಳಗೆ ಸೋರುತ್ತಿದೆ ಎಂದರ್ಥ. ಆ ದುರಸ್ತಿ ಈ ಬರಹದ ಮಿಕ್ಕೆಲ್ಲ ಖರ್ಚಿಗಿಂತ ದೊಡ್ಡದು.

ಉಳಿದವು ಸಣ್ಣವು. ಚುಕ್ಕಾಣಿಯ ಕೀಲು ಬಿಗಿಯಾದರೆ ಮೊದಲು ಪಿನ್ನು ಬಾಗಿದೆಯೇ ನೋಡಿ, ಆಮೇಲೆ ಸ್ಪ್ರೇ. ತಳದ ನೀರು ಹೊರಹಾಕುವ ಬೇಲರಿನ ರಬ್ಬರಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಉಪ್ಪು ಗಟ್ಟಿಯಾಗಿ ಕೂತ ಕ್ಲೀಟಿನ (ಹಗ್ಗವನ್ನು ಕಚ್ಚಿ ಹಿಡಿಯುವ ಬಿಡಿಭಾಗ) ಹಲ್ಲುಗಳಿಗೆ ಅರ್ಧ ಲೀಟರ್ ವಿನೆಗರ್ (40ರಿಂದ 60 ರೂಪಾಯಿ) ನೀರಿಗೆ ಬೆರೆಸಿ ಬ್ರಷ್‌ನಿಂದ ಉಜ್ಜಿ ಕೂಡಲೇ ತೊಳೆಯಿರಿ. ಕ್ಲೀಟಿಗೆ ಎಣ್ಣೆ ಬಿಡಬೇಡಿ, ಹಗ್ಗ ಜಾರುತ್ತದೆ.

ಮರುಜೋಡಣೆಯಲ್ಲಿ ಉಳಿತಾಯ ಮಾಡಬಾರದ ಒಂದೇ ಜಾಗವೆಂದರೆ ಎರಡು ಲೋಹಗಳ ನಡುವಿನ ತಡೆಲೇಪ. ಹೊರದೇಶದಿಂದ ತರಿಸಿದರೆ ಟ್ಯೂಬಿಗೆ 15ರಿಂದ 20 ಪೌಂಡ್ ಆದೀತು. ಸ್ಕ್ರೂವಿಗೆ ಒಂದು ಕಡಲೆ ಗಾತ್ರ ಸಾಕು, ಟ್ಯೂಬು ವರ್ಷಗಟ್ಟಲೆ ಬರುತ್ತದೆ. ಕಂಬ, ಬೂಮಿನ ಬಿಡಿಭಾಗಗಳಿಗೆ ರಿವೆಟ್ ಹೊಡೆಯುವಾಗಲೂ ರಂಧ್ರಕ್ಕೆ ಇದನ್ನು ಸವರಿ.

ಕೊನೆಗೆ ಕ್ಲೀಟು ಬದಲಿಸಲೇಬೇಕಾದರೆ ತರಿಸುವ ಮೊದಲು ಎರಡು ಸ್ಕ್ರೂ ರಂಧ್ರಗಳ ಅಂತರ ಅಳೆದುಕೊಳ್ಳಿ. ಚಿಕ್ಕ ಗಾತ್ರಕ್ಕೆ 27 ಮಿಮೀ, ನಡುಗಾತ್ರಕ್ಕೆ 38 ಮಿಮೀ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.