ಉಪ್ಪಾಗೆ ಹುಳಿ ಕ್ಯಾಪ್ಸೂಲ್ ಆದಾಗ

ಶಿರಸಿ, ಸಿದ್ದಾಪುರದ ಕಾಡಂಚಿನಲ್ಲಿ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆ, ಹೊಗೆಯಲ್ಲೇ ಒಣಗಿಸಬೇಕು. ಕೊಡಗಿನವರು ಇದರ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಕಾಚಂಪುಳಿ ಮಾಡುತ್ತಾರೆ. ಕೇರಳದ ಮೀನು ಸಾರಿಗೆ ಇದೇ ಕುಡಂಪುಳಿ. ತಲೆಮಾರುಗಳಿಂದ ಉಂಡ ಹುಳಿ ಇದು.

ಈ ಹುಳಿಯ ಮೂಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆಂದು ಆಮೇಲೆ ತಿಳಿಯಿತು. ಅಷ್ಟು ಸಾಕಾಯಿತು. ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ದೇಶ ದೇಶಗಳ ಅಂಗಡಿ ಸೇರಿತು.

ತೂಕ ಇಳಿಯಿತೇ? 1998ರಲ್ಲಿ ಅಮೆರಿಕದಲ್ಲಿ 135 ಮಂದಿಯನ್ನು ಸೇರಿಸಿಕೊಂಡು 12 ವಾರ ಪರೀಕ್ಷಿಸಿದರು. ದಿನಕ್ಕೆ 1500 ಮಿಲಿಗ್ರಾಂ ಆಮ್ಲ ನುಂಗಿದವರು ಹುಸಿ ಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ಇಳಿದಿರಲಿಲ್ಲ. ಲಾಭವಿಲ್ಲದಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಇದನ್ನು ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತದ ವರದಿಗಳು ಬರತೊಡಗಿದವು. ಕೆಲವರಿಗೆ ಯಕೃತ್ತಿನ ಕಸಿಯೇ ಬೇಕಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಒಂದು ಬಗೆಯ ವಂಶವಾಹಿ ಇರುವವರಿಗೆ ಅಪಾಯ ಹೆಚ್ಚು. ಅದು ತನ್ನಲ್ಲಿದೆಯೇ ಎಂದು ನೋಡಿಕೊಂಡು ಡಬ್ಬಿ ಕೊಳ್ಳುವವರು ಯಾರು?

ಫ್ರಾನ್ಸ್ 2012ರಲ್ಲೇ ಔಷಧಿಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ‘ಆಹಾರ ಪೂರಕ’ ಎಂಬ ಚೀಟಿ ಹಚ್ಚಿದ ಡಬ್ಬಿ ಮಾತ್ರ ಅಂಗಡಿಯಲ್ಲಿ ಉಳಿಯಿತು. 2025ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ಇದನ್ನು ಸೇವಿಸಬೇಡಿ ಎಂದು ಜನರಿಗೆ ಹೇಳಬೇಕಾಯಿತು. ವೈದ್ಯರು ಬರೆದುಕೊಡಬಾರದ್ದನ್ನು ಯಾರನ್ನೂ ಕೇಳದೆ ಕೊಂಡು ನುಂಗಬಹುದು ಎಂಬ ವ್ಯವಸ್ಥೆ ನನ್ನನ್ನು ಕಂಗೆಡಿಸುತ್ತದೆ. ಅಮೆರಿಕದಲ್ಲೂ 1994ರ ಕಾನೂನಿನಂತೆ ಬಹುಪಾಲು ಪೂರಕಗಳು ಸುರಕ್ಷಿತವೆಂದು ಸರ್ಕಾರಕ್ಕೆ ಸಾಬೀತು ಮಾಡದೆಯೇ ಮಾರಾಟಕ್ಕೆ ಬರಬಹುದು.

ಉಪ್ಪಾಗೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಸಾರಿಗೆ ಒಂದೆರಡು ಚೂರು ಹಾಕುವುದು ಬೇರೆ, ಅದರ ಸತ್ವವನ್ನಷ್ಟೇ ಭಟ್ಟಿ ಇಳಿಸಿದಂತೆ ಹಿಂಡಿ ತೆಗೆದು ಮೂರು ಹೊತ್ತೂ ತಿಂಗಳುಗಟ್ಟಲೆ ನುಂಗುವುದು ಬೇರೆ. ‘ಗಿಡಮೂಲಿಕೆ ತಾನೆ, ಏನೂ ಆಗಲ್ಲ’ ಎನ್ನುವಾಗ ನಾವು ಮರೆಯುವುದು ಈ ಪ್ರಮಾಣವನ್ನೇ. ಔಷಧಿಯಲ್ಲ ಎಂಬ ನಂಬಿಕೆಯಿಂದಲೇ, ‘ಬೇರೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ?’ ಎಂದು ವೈದ್ಯರು ಕೇಳಿದಾಗ ‘ಇಲ್ಲ’ ಎಂದುಬಿಡುತ್ತೇವೆ. ಕಾಮಾಲೆಯ ಕಾರಣ ಹುಡುಕುವವರಿಗೆ ದಾರಿ ತಪ್ಪುವುದು ಅಲ್ಲಿ.

ತೂಕ ಇಳಿಸುವ ಡಬ್ಬಿ ಮನೆಯಲ್ಲಿದ್ದರೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಗಾರ್ಸಿನಿಯಾ ಇದೆಯೇ ನೋಡಿ. ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು ಇದನ್ನು ಮುಟ್ಟದಿರುವುದೇ ಒಳ್ಳೆಯದು. ಹಸಿವು ಕಟ್ಟಿ, ವಾಕರಿಕೆ ಬಂದು, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಕಣ್ಣು ಹಳದಿಯಾಗುವವರೆಗೆ ಕಾಯಬೇಡಿ. ಅಂದೇ ಕ್ಯಾಪ್ಸೂಲ್ ನಿಲ್ಲಿಸಿ, ಆ ಡಬ್ಬಿಯನ್ನೇ ವೈದ್ಯರ ಬಳಿ ಒಯ್ಯಿರಿ.